ಟೀ ಎಲೆಯ ನುಸಿ, ಅದನ್ನು ತಿನ್ನುವ ಹುಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಟೀ ತೋಟದ ನುಸಿ ಬಗ್ಗೆಯೇ, ಅಂದರೆ ಎಲೆಯ ರಸ ಹೀರುವ, ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಚಿಕ್ಕ ಜೀವಿ (ಇಂಗ್ಲಿಷಿನಲ್ಲಿ ಮೈಟ್). ಹೆಚ್ಚಿನವರು ಕೇಳಿರುವುದು "ಯಾವ ಔಷಧಿ ಹೊಡೆಯಲಿ?" ಅಂತ. ಕೆಲವರು ಮಾತ್ರ ಈ ನುಸಿಯನ್ನು ತಿನ್ನುವ ಹುಳುಗಳ ಬಗ್ಗೆ ಕೇಳಿದ್ದಾರೆ. ಅವರ ಪತ್ರಗಳನ್ನು ಮೊದಲು ಎತ್ತಿಕೊಂಡಿದ್ದೇನೆ. ಔಷಧಿ ಕೇಳಿದವರಿಗೂ ಇದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಪ್ರಶ್ನೆ: ಟೀ ಗಿಡಗಳಿಗೆ ಕೆಂಪು ನುಸಿ ಬಿದ್ದಿದೆ. ಔಷಧಿ ಹೊಡೆದಾಗ ಕಡಿಮೆಯಾಗುತ್ತದೆ. ಎರಡು ಮೂರು ವಾರದಲ್ಲಿ ಮೊದಲಿಗಿಂತ ಜೋರಾಗಿ ಬರುತ್ತದೆ. ಔಷಧಿಯೇ ಕಲಬೆರಕೆ ಇರಬಹುದಾ?

ಉತ್ತರ: ಇರಲೂಬಹುದು. ಆದರೆ ನನ್ನ ಅನುಮಾನ ಬೇರೆ ಕಡೆ ಇದೆ. ನುಸಿ ಕಾಣಿಸಿಕೊಳ್ಳುವ ಮೊದಲು ಟೀ ಸೊಳ್ಳೆಗೋ (ಹೆಸರಷ್ಟೇ ಸೊಳ್ಳೆ, ಚಿಗುರಿನ ರಸ ಹೀರುವ ತಿಗಣೆ ಜಾತಿಯದ್ದು) ಥ್ರಿಪ್ಸಿಗೋ (ಎಲೆ ಕೆರೆದು ರಸ ಹೀರುವ ಪುಟ್ಟ ಕೀಟ) ಏನಾದರೂ ಹೊಡೆದಿದ್ದಿರಾ? ಅದು ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಗುಂಪಿನದ್ದಾಗಿತ್ತಾ, ಅಂದರೆ ಒಳ್ಳೆಯದು ಕೆಟ್ಟದ್ದು ನೋಡದೆ ಹುಳುಗಳನ್ನು ಕೊಲ್ಲುವಂಥದ್ದು? ಹೌದು ಅಂತಾದರೆ ಕಥೆ ಅಲ್ಲಿಂದಲೇ ಶುರುವಾಗಿದೆ.

ಟೀ ಗಿಡದ ಮೇಲೆ ನುಸಿ ಯಾವಾಗಲೂ ಸ್ವಲ್ಪ ಇದ್ದೇ ಇರುತ್ತದೆ. ಅಸ್ಸಾಮಿನ ತೋಟಗಳಲ್ಲಿ ಕೆಂಪು ನುಸಿಯನ್ನು ಗುರುತಿಸಿದ್ದು 1868ರಲ್ಲೇ, ಅಂದರೆ ಇವತ್ತಿನ ನುಸಿನಾಶಕಗಳು ಒಂದೂ ಇಲ್ಲದ ಕಾಲದಲ್ಲಿ. ಅಷ್ಟು ಹಳೆಯ ಪೀಡೆ ತೋಟಗಳನ್ನೆಲ್ಲ ತಿಂದು ಮುಗಿಸಿಲ್ಲ ಅಲ್ವಾ? ಜೋರು ಮಳೆಗೆ ಎಲೆ ಮೇಲಿನ ನುಸಿ ತೊಳೆದು ಹೋಗುತ್ತದೆ ಅನ್ನುವುದು ಒಂದು ಕಾರಣ. ಅದನ್ನು ತಿಂದೇ ಬದುಕುವ ಹುಳುಗಳು ಅದೇ ಗಿಡದಲ್ಲಿವೆ ಅನ್ನುವುದು ಇನ್ನೊಂದು.

ಈಗ ನೀವು ಔಷಧಿ ಹೊಡೆದ ದಿನ ಏನಾಗುತ್ತದೆ ನೋಡಿ. ನುಸಿ ಹೆಚ್ಚು ಓಡಾಡುವುದಿಲ್ಲ, ಇದ್ದ ಕಡೆಯೇ ಕೂತು ರಸ ಹೀರುತ್ತದೆ. ಅದನ್ನು ತಿನ್ನುವ ಹುಳು ಮಾತ್ರ ಬೇಟೆ ಹುಡುಕಿಕೊಂಡು ಎಲೆಯಿಂದ ಎಲೆಗೆ ಓಡಾಡುತ್ತಲೇ ಇರುತ್ತದೆ, ಹಾಗಾಗಿ ಅದರ ಕಾಲಿಗೆ ಮೈಗೆ ವಿಷ ಜಾಸ್ತಿ ಅಂಟುತ್ತದೆ, ಅದು ಸಾಲದು ಅಂತ ವಿಷ ತಾಗಿದ ನುಸಿಯನ್ನೂ ತಿನ್ನುತ್ತದೆ. ಬದುಕಿ ಉಳಿದವಕ್ಕೆ ತಿನ್ನಲು ಏನೂ ಸಿಗದೆ ಹಾರಿ ಹೋಗುತ್ತವೆ, ಇಲ್ಲವೇ ಹಸಿದು ಸಾಯುತ್ತವೆ. ಇತ್ತ ಎಲೆಗೆ ಅಂಟಿರುವ ನುಸಿ ಮೊಟ್ಟೆಗಳಲ್ಲಿ ಬಹಳಷ್ಟಕ್ಕೆ ಏನೂ ಆಗಿರುವುದಿಲ್ಲ. ಬಿಸಿಲುಗಾಲದಲ್ಲಿ ಆ ಮೊಟ್ಟೆ ಒಡೆದು, ಮರಿ ಬೆಳೆದು, ಮತ್ತೆ ಮೊಟ್ಟೆ ಇಡಲು ಸುಮಾರು ಎರಡು ವಾರ ಸಾಕು. ನೀವು ಬರೆದಿರುವ ಎರಡು ಮೂರು ವಾರ ಇದೇ ಲೆಕ್ಕ. ಈ ಸಲ ಹೊರಬಂದ ಮರಿಗಳನ್ನು ತಿನ್ನುವವರು ಗಿಡದಲ್ಲಿ ಇರುವುದಿಲ್ಲ, ಅಷ್ಟೇ.

ನುಸಿಗೆ ಇನ್ನೊಂದು ಅನುಕೂಲವೂ ಇದೆ. ಗಂಡಿನ ಜೊತೆ ಸೇರದ ಹೆಣ್ಣು ನುಸಿಯೂ ಮೊಟ್ಟೆ ಇಡುತ್ತದೆ, ಅದರಿಂದ ಬರುವುದೆಲ್ಲ ಗಂಡು. ಒಂದೇ ಹೆಣ್ಣು ಗಾಳಿಗೆ ತೇಲಿಯೋ ಕೆಲಸದವರ ಬಟ್ಟೆಗೆ ಅಂಟಿಯೋ ಬಂದರೂ ಹೊಸ ಗಿಡದಲ್ಲಿ ಸಂಸಾರ ಹೂಡಿಬಿಡುತ್ತದೆ. ಇಷ್ಟು ಬೇಗ ಬೇಗ ತಲೆಮಾರು ಕಳೆಯುವ ಜೀವಿಗೆ ಔಷಧಿ ತಡೆದುಕೊಳ್ಳುವ ಶಕ್ತಿಯೂ ಬೇಗ ಬರುತ್ತದೆ. ಒಂದೇ ಡಬ್ಬಿಯನ್ನು ಮತ್ತೆ ಮತ್ತೆ ಹೊಡೆದರೆ ಸಾಯದ ನುಸಿಗಳನ್ನು ನಾವೇ ಆರಿಸಿ ಬೆಳೆಸಿದ ಹಾಗೆ.

ಟೀ ಅಲ್ಲದ ಒಂದು ಉದಾಹರಣೆ ಹೇಳುತ್ತೇನೆ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಎಲ್ಮ್ ಮರಗಳನ್ನು ಕಾಂಡ ಕೊರೆಯುವ ಒಂದು ದುಂಬಿಯಿಂದ ಉಳಿಸಲು ಇಮಿಡಾಕ್ಲೋಪ್ರಿಡ್ ಅನ್ನುವ ಕೀಟನಾಶಕ ಕೊಟ್ಟರು. ಆಮೇಲೆ ಆ ಮರಗಳಲ್ಲಿ ನುಸಿ ವಿಪರೀತವಾಯಿತು. ಹುಡುಕಿದಾಗ ಎರಡು ಕಾರಣ ಸಿಕ್ಕವು. ನುಸಿ ತಿನ್ನುವ ಹುಳುಗಳಿಗೆ ಪೆಟ್ಟು ಬಿದ್ದಿತ್ತು. ಜೊತೆಗೆ ಔಷಧಿ ಹೀರಿಕೊಂಡ ಮರದ ಎಲೆ ತಿಂದ ನುಸಿಗಳು ಮೊದಲಿಗಿಂತ ಜಾಸ್ತಿ ಮೊಟ್ಟೆ ಇಡುತ್ತಿದ್ದವು! ಬೇರೆ ಯಾವುದೋ ಕೀಟಕ್ಕೆ ಅಂತ ಹೊಡೆಯುವಾಗ ಇದು ನೆನಪಿರಲಿ.

ನಿಮಗೆ ನನ್ನ ಸಲಹೆ: ಇಡೀ ತೋಟಕ್ಕೆ ಹೊಡೆಯುವುದನ್ನು ಮೊದಲು ನಿಲ್ಲಿಸಿ. ಕೆಂಪು ನುಸಿ ಎಲ್ಲಾ ಕಡೆ ಒಟ್ಟಿಗೆ ಬರುವುದಿಲ್ಲ. ರಸ್ತೆ ಬದಿಯ ಧೂಳು ಕೂರುವ ಸಾಲು, ನೆರಳಿಲ್ಲದ ಬೋಳು ಜಾಗ, ನೀರು ನಿಂತು ಸೊರಗಿದ ಗಿಡಗಳು, ಇಂಥ ಕಡೆ ಶುರುವಾಗುತ್ತದೆ. ಅಷ್ಟಕ್ಕೆ ಮಾತ್ರ, ನುಸಿಗೆ ಅಂತಲೇ ಇರುವ ಔಷಧಿ ಹೊಡೆದು ಉಳಿದ ಜಾಗವನ್ನು ಬಿಟ್ಟರೆ, ಅಲ್ಲಿಂದ ತಿನ್ನುವ ಹುಳುಗಳು ವಾಪಸ್ ಬರಲು ದಾರಿ ಇರುತ್ತದೆ.

ಪ್ರಶ್ನೆ: ಲೆನ್ಸ್ ಹಿಡಿದು ನೋಡಿದರೆ ಎಲೆ ಮೇಲೆ ನಾಲ್ಕೈದು ಥರದ ಪುಟ್ಟ ಹುಳು ಕಾಣುತ್ತವೆ. ಯಾವುದು ಪೀಡೆ, ಯಾವುದು ನಮ್ಮ ಕಡೆಯದ್ದು ಅಂತ ಗೊತ್ತಾಗುವುದು ಹೇಗೆ?

ಉತ್ತರ: ಲೆನ್ಸ್ ಹಿಡಿದಿದ್ದೀರಲ್ಲ, ಅದೇ ದೊಡ್ಡ ಕೆಲಸ. ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಆದರೆ ಸಾಕು.

ಮೊದಲು ನಡಿಗೆ ನೋಡಿ. ಕೆಂಪು ನುಸಿ ನಿಧಾನ. ಅರ್ಧ ಮಿಲಿಮೀಟರಿಗಿಂತ ಚಿಕ್ಕದು, ಬಲಿತ ಎಲೆಯ ಮೇಲ್ಭಾಗದಲ್ಲಿ ನಡುನರ ಮತ್ತು ಪಕ್ಕದ ನರಗಳ ಗುಂಟ ಗುಂಪಾಗಿ ಕೂತಿರುತ್ತದೆ. ಅದರ ಮೊಟ್ಟೆ ಕೆಂಪಗೆ, ದುಂಡಗೆ ಇರುತ್ತದೆ. ಅದೇ ಎಲೆಯಲ್ಲಿ ತಿಳಿ ಬಣ್ಣದ, ಹೊಳೆಯುವ, ಹಿಂದೆ ದಪ್ಪ ಮುಂದೆ ಚೂಪಾದ ಮೈಯ ಒಂದು ಪುಟ್ಟ ಜೀವಿ ಸರಸರ ಓಡಿದರೆ ಅದು ಬೇಟೆ ನುಸಿ. ಹೌದು, ಅದೂ ನುಸಿಯೇ. ನುಸಿಯನ್ನು ತಿನ್ನುವ ನುಸಿ. ಲೆನ್ಸಿನ ಕೆಳಗೆ ಒಂದು ಕ್ಷಣವೂ ನಿಲ್ಲುವುದಿಲ್ಲ. ಅದರ ಮೊಟ್ಟೆ ದುಂಡಗಿರುವುದಿಲ್ಲ, ಸ್ವಲ್ಪ ಉದ್ದ, ಗಾಜಿನಂತೆ ಪಾರದರ್ಶಕ. ಸಾಮಾನ್ಯವಾಗಿ ಎಲೆಯ ಅಡಿಭಾಗದಲ್ಲಿ, ನಡುನರದ ಮೂಲೆಯಲ್ಲಿ ಇರುತ್ತದೆ. ಮೇಲ್ಭಾಗ ಮಾತ್ರ ನೋಡಿ "ನಮ್ಮಲ್ಲಿ ಮಿತ್ರ ಹುಳು ಇಲ್ಲ" ಅಂತ ತೀರ್ಮಾನಿಸುವವರೇ ಜಾಸ್ತಿ, ದಯವಿಟ್ಟು ಎಲೆ ತಿರುಗಿಸಿ ನೋಡಿ. ದಕ್ಷಿಣ ಭಾರತದ ಟೀ ತೋಟಗಳಲ್ಲಿ ಇವುಗಳಲ್ಲಿ ಮುಖ್ಯವಾದದ್ದು ನಿಯೋಸೈಯುಲಸ್ ಲಾಂಗಿಸ್ಪೈನೋಸಸ್. ಆಂಬ್ಲಿಸಿಯಸ್ ಹರ್ಬಿಕೋಲಸ್, ಯೂಸಿಯಸ್ ಓವಾಲಿಸ್ ಅನ್ನುವವೂ ಇವೆ. ಹೆಸರು ಬಾಯಿಪಾಠ ಮಾಡಬೇಕಾಗಿಲ್ಲ, ಓಟ ನೋಡಿ ಗುರುತಿಸಿದರೆ ಸಾಕು.

ಒಂದು ಸ್ವಾರಸ್ಯ ಹೇಳಲೇಬೇಕು. ಈ ಬೇಟೆ ನುಸಿಗಳಿಗೆ ಕಣ್ಣೇ ಇಲ್ಲ. ಮತ್ತೆ ಬೇಟೆ ಹುಡುಕುವುದು ಹೇಗೆ? ವಾಸನೆಯಿಂದ. ನುಸಿ ಕಚ್ಚಿದ ಎಲೆ ಒಂದು ಬೇರೆಯೇ ವಾಸನೆ ಬಿಡುತ್ತದೆ, ಸುಮ್ನೆ ಕತ್ತರಿಸಿದ ಎಲೆಯ ವಾಸನೆ ಅದಲ್ಲ. ಜಪಾನಿನ ವಿಜ್ಞಾನಿಗಳು ಕಂಜಾವಾ ನುಸಿ (ಅಲ್ಲಿನ ಟೀ ತೋಟದ ಒಂದು ಪೀಡೆ ನುಸಿ) ಬಿದ್ದ ಟೀ ಎಲೆಗಳಿಂದ ಬರುವ ಈ ವಾಸನೆಯ ಬೆನ್ನು ಹಿಡಿದು ಬೇಟೆ ನುಸಿ ಬರುವುದನ್ನು ತೋರಿಸಿದ್ದಾರೆ. ಪೆಟ್ಟು ತಿಂದ ಗಿಡ ತಾನೇ ಸಹಾಯಕ್ಕೆ ಕರೆಯುತ್ತಿದೆ ಅನ್ನಬಹುದು.

ಇನ್ನು ಕಪ್ಪಗೆ ಹೊಳೆಯುವ, ಒಂದೂವರೆ ಮಿಲಿಮೀಟರ್ ಮೀರದ ದುಂಡು ಹುಳು ಕಂಡರೆ ಅದು ಸ್ಟೆಥೋರಸ್. ಗುಲಗಂಜಿ ಹುಳುವಿನ ಜಾತಿಯೇ, ಆದರೆ ಚುಕ್ಕಿಯಿಲ್ಲ, ಬಣ್ಣವಿಲ್ಲ, ಮೈ ಮೇಲೆ ಸಣ್ಣ ಕೂದಲು. ಕಸ ಅಂತ ಊದಿಬಿಡುವಷ್ಟು ಚಿಕ್ಕದು. ದೊಡ್ಡ ಹುಳುವೂ ತಿನ್ನುತ್ತದೆ, ಮರಿಯೂ ತಿನ್ನುತ್ತದೆ. ಒಂದೊಂದೂ ದಿನಕ್ಕೆ ಹತ್ತಾರು ನುಸಿ ಮುಗಿಸುತ್ತದೆ. ಆದರೆ ಇದಕ್ಕೆ ಹೊಟ್ಟೆ ದೊಡ್ಡದು, ನುಸಿ ತುಂಬಾ ಇರುವ ಕಡೆಗೇ ಹಾರಿ ಬರುತ್ತದೆ, ಕಡಿಮೆಯಾದರೆ ಹೊರಟು ಹೋಗುತ್ತದೆ. ಬೇಟೆ ನುಸಿ ಹಾಗಲ್ಲ. ನುಸಿ ಸಿಗದಿದ್ದಾಗ ಅದರಲ್ಲಿ ಹಲವು ಜಾತಿ ಹೂವಿನ ಪರಾಗ ತಿಂದುಕೊಂಡು ಅಲ್ಲೇ ಕಾಯುತ್ತವೆ. ಎರಡೂ ಬೇಕು. ಒಂದನ್ನು ಮಾತ್ರ ಆರಿಸು ಅಂದರೆ ನಾನು ಬೇಟೆ ನುಸಿಯನ್ನೇ ಆರಿಸುತ್ತೇನೆ.

ಉದ್ದ ಮೈಯ, ಬಾಲ ಮೇಲೆತ್ತಿ ನಡೆಯುವ ಕಂದು ಕಪ್ಪು ಪುಟ್ಟ ದುಂಬಿ ಒಲಿಗೋಟಾ. ಅದರ ಮರಿ ಹಳದಿ. ಬೆಳೆದ ಮರಿ ಗಿಡದಿಂದ ಇಳಿದು ಮಣ್ಣಿನಲ್ಲಿ ಕೋಶವಾಗುತ್ತದೆ. ಹಾಗಾಗಿ ಗಿಡದ ಬುಡಕ್ಕೆ ವಿಷ ಸುರಿಯುವ ಅಭ್ಯಾಸ ಇದ್ದರೆ ಇದರ ಕಥೆ ಅಲ್ಲಿಗೆ ಮುಗಿಯಿತು.

ಕೂದಲಿನಂಥ ಉದ್ದ ದಾರದ ತುದಿಗೆ ಒಂದೊಂದೇ ಮೊಟ್ಟೆ ನಿಂತಿದ್ದರೆ ಅದು ಹಸಿರು ಜಾಲರೆಕ್ಕೆ ಹುಳುವಿನದ್ದು. ಕೆಲವರು ಅದನ್ನು ಬೂಷ್ಟು ಅಂದುಕೊಂಡು ಒರೆಸಿ ಹಾಕುತ್ತಾರೆ. ಇದರ ಕೆಲವು ಜಾತಿಗಳ ಮರಿ ತಿಂದ ಹುಳುಗಳ ಸಿಪ್ಪೆಯನ್ನೆಲ್ಲ ಬೆನ್ನ ಮೇಲೆ ಹೇರಿಕೊಂಡು ತಿರುಗುತ್ತದೆ, ನೋಡಿದರೆ ಕಸದ ಉಂಡೆ ನಡೆದಂತೆ ಇರುತ್ತದೆ. ಆಮೇಲೆ ಥ್ರಿಪ್ಸ್. ಥ್ರಿಪ್ಸ್ ಎಲ್ಲವೂ ಕೆಟ್ಟವಲ್ಲ. ತಿಳಿ ಹಳದಿ ಮೈ, ರೆಕ್ಕೆಗಳ ಮೇಲೆ ಕಪ್ಪು ಚುಕ್ಕೆ, ಅದೂ ನುಸಿ ಗುಂಪಿನ ನಡುವೆಯೇ ಕಂಡರೆ ಅದು ಸ್ಕೋಲೋಥ್ರಿಪ್ಸ್, ನುಸಿಯನ್ನೇ ತಿನ್ನುತ್ತದೆ.

ಪ್ರಶ್ನೆ: ಜೇಡಗಳು ನುಸಿ ತಿನ್ನುತ್ತವಾ?

ಉತ್ತರ: ಚಿಕ್ಕ ಜೇಡಗಳು ಸ್ವಲ್ಪ ತಿನ್ನುತ್ತವೆ. ಅವುಗಳ ಮುಖ್ಯ ಊಟ ಜಿಗಿಹುಳು, ಪತಂಗದ ಮರಿ ಥರದ ದೊಡ್ಡ ಕೀಟಗಳು. ನುಸಿ ಲೆಕ್ಕದಲ್ಲಿ ಹಿಡಿಯಬೇಡಿ, ಆದರೆ ಬಲೆ ಕಿತ್ತೂ ಹಾಕಬೇಡಿ.

ಪ್ರಶ್ನೆ: ಬೇಟೆ ನುಸಿಗಳನ್ನು ಸಾಕಿ ಬಾಟಲಿಯಲ್ಲಿ ಮಾರುತ್ತಾರಂತೆ. ತಂದು ಬಿಟ್ಟರೆ ಔಷಧಿಯ ಗೊಡವೆಯೇ ಇರುವುದಿಲ್ಲ ಅಲ್ವಾ?

ಉತ್ತರ: ಅಷ್ಟು ಸುಲಭ ಆಗಿದ್ದರೆ ಈ ಅಂಕಣ ಬರೆಯುವ ಅಗತ್ಯ ಇರುತ್ತಿರಲಿಲ್ಲ.

ಮಾರಾಟದ ಬೇಟೆ ನುಸಿಗಳಲ್ಲಿ ತುಂಬಾ ಹೆಸರು ಮಾಡಿದ್ದು ಫೈಟೋಸೈಯುಲಸ್ ಪರ್ಸಿಮಿಲಿಸ್. ಇದು ಚಿಲಿಯಿಂದ ಜರ್ಮನಿಗೆ ಹೋದ ಆರ್ಕಿಡ್ ಗಿಡಗಳ ಜೊತೆ ಆಕಸ್ಮಿಕವಾಗಿ ಬಂದದ್ದು, 1958ರಲ್ಲಿ ಕಣ್ಣಿಗೆ ಬಿತ್ತು. ಗಾಜಿನ ಮನೆಯೊಳಗಿನ ಸೌತೆ, ಟೊಮೆಟೊ ಬೆಳೆಗಳಲ್ಲಿ ಒಳ್ಳೆಯ ಕೆಲಸ ಮಾಡಿದೆ. ಆದರೆ ಗಾಜಿನ ಮನೆಯಲ್ಲಿ ತೇವ ನಮ್ಮ ಕೈಯಲ್ಲಿರುತ್ತದೆ, ಬಾಗಿಲು ಮುಚ್ಚಿರುತ್ತದೆ. ಟೀ ತೋಟ ಬಯಲು. ಜೊತೆಗೆ ಈ ಜಾತಿ ತಿನ್ನುವುದು ಬಲೆ ನೇಯುವ ಒಂದು ಬಳಗದ ನುಸಿಗಳನ್ನೇ, ಅವು ಮುಗಿದರೆ ಇದೂ ಮುಗಿಯಿತು. ಹಾಗಾಗಿ ಬಾಟಲಿ ಮೇಲೆ ಬೇಟೆ ನುಸಿ ಅಂತ ಬರೆದಿದ್ದರೆ ಸಾಲದು. ಯಾವ ಜಾತಿ, ಅದು ನಿಮ್ಮ ಗಿಡದಲ್ಲಿರುವ ನುಸಿಯನ್ನು ತಿನ್ನುತ್ತದಾ ಅಂತ ಕೇಳಿ.

ಇನ್ನೊಂದು ತೊಡಕು ಹವೆಯದ್ದು. ಬೇಟೆ ನುಸಿಗಳ ಮೊಟ್ಟೆ ಒಣ ಗಾಳಿಗೆ ಸುಕ್ಕುಗಟ್ಟಿ ಹೋಗುತ್ತದೆ. ಕೆಂಪು ನುಸಿಗೋ ಅದೇ ಒಣ ಹವೆ ಹಬ್ಬ. ಅಂದರೆ ನಿಮಗೆ ಇವು ತುಂಬಾ ಬೇಕಾದ ಹೊತ್ತೇ ಇವಕ್ಕೆ ತುಂಬಾ ಕಷ್ಟದ ಹೊತ್ತು. ಅದಕ್ಕೇ ಬಿಡುವುದಾದರೆ ನುಸಿ ಇನ್ನೂ ಕಡಿಮೆ ಇರುವಾಗ, ನೆಲದಲ್ಲಿ ತೇವ ಇರುವಾಗ, ಸಂಜೆ ಹೊತ್ತು ಬಿಡಬೇಕು. ಎಲೆಗಳೆಲ್ಲ ಕೆಂಪಾದ ಮೇಲೆ ತಂದು ಬಿಟ್ಟರೆ ದುಡ್ಡು ನೀರಿಗೆ ಹಾಕಿದಂತೆ. ಹಿಂದೆ ಹೊಡೆದ ಔಷಧಿಯ ಅಂಶ ಎಲೆ ಮೇಲೆ ಉಳಿದಿದ್ದರೂ ಅಷ್ಟೇ.

ನನಗೆ ಹೆಚ್ಚು ಇಷ್ಟವಾಗುವ ದಾರಿ ಬೇರೆ ಇದೆ. ಜಪಾನಿನ ಶಿಜುವೊಕಾದ ಟೀ ತೋಟಗಳಲ್ಲಿ ವರ್ಷಾನುಗಟ್ಟಲೆ ಔಷಧಿ ಹೊಡೆದಿದ್ದರ ನಡುವೆಯೇ ಪರ್ಮೆಥ್ರಿನ್ (ಮೇಲೆ ಹೇಳಿದ ಸೈಪರ್ಮೆಥ್ರಿನ್ ಗುಂಪಿನದ್ದೇ) ತಡೆದುಕೊಂಡು ಬದುಕುವ ಬೇಟೆ ನುಸಿಯ ತಳಿಯೊಂದು ತಾನಾಗಿ ಹುಟ್ಟಿಕೊಂಡಿತ್ತು. 1990ರ ಹೊತ್ತಿಗೆ ವಿಜ್ಞಾನಿಗಳು ಅದನ್ನು ಗುರುತಿಸಿದರು. ಔಷಧಿ ತಡೆಯುವ ಶಕ್ತಿ ಪೀಡೆಗೆ ಮಾತ್ರ ಬರಬೇಕು ಅಂತೇನಿಲ್ಲ ನೋಡಿ. ತೋಟದಲ್ಲಿ ಈಗಾಗಲೇ ಬದುಕುತ್ತಿರುವ, ಅಲ್ಲಿನ ಬಿಸಿಲು ಗಾಳಿಗೆ ಒಗ್ಗಿರುವ ಹುಳುವನ್ನು ಉಳಿಸಿಕೊಳ್ಳುವುದು ಹೊರಗಿನಿಂದ ತರುವುದಕ್ಕಿಂತ ಸಲೀಸು. ಬೇಟೆ ನುಸಿ ಚೆನ್ನಾಗಿರುವ ಗಿಡದ ಎಲೆಗಳನ್ನು ಕಿತ್ತು, ನುಸಿ ಬಿದ್ದ ಗಿಡದ ನಡುವೆ ಸಿಕ್ಕಿಸಿ ನೋಡಿ. ಅದಕ್ಕೆ ಮೊದಲು ಆ ಎಲೆಗಳಲ್ಲಿ ಬೇರೆ ಪೀಡೆ ಇಲ್ಲ ಅಂತ ಲೆನ್ಸಿನಲ್ಲಿ ಖಚಿತ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ಗಿಡದಲ್ಲಿ ಕೆಂಪು ನುಸಿ ಕಾಣುತ್ತಿಲ್ಲ. ಬಲಿತ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿವೆ, ಮೇಲೆ ಬಿಳಿ ಪುಡಿ ಚೆಲ್ಲಿದಂತಿದೆ. ಇದೂ ನುಸಿಯೇ?

ಉತ್ತರ: ನೇರಳೆ ನುಸಿ ಇರಬೇಕು. ಬಿಳಿ ಪುಡಿಯಂತೆ ಕಾಣುವುದು ಅದು ಕಳಚಿದ ಪೊರೆ. ಇದರ ಸಂಬಂಧಿ ಗುಲಾಬಿ ನುಸಿ, ಅದು ಬಿದ್ದರೆ ಎಳೆ ಎಲೆಗಳು ಬಿಳಿಚಿಕೊಂಡು ಮೇಲಕ್ಕೆ ಮುದುಡುತ್ತವೆ. ಇವಕ್ಕೆ ಎಂಟು ಕಾಲಿಲ್ಲ, ನಾಲ್ಕೇ ಕಾಲು. ಉದ್ದನೆಯ ಮೈ, ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಒಳ್ಳೆಯ ಲೆನ್ಸ್ ಇಲ್ಲದೆ ಕಾಣುವುದೇ ಇಲ್ಲ.

ಸ್ಟೆಥೋರಸ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ, ಅದರ ಆಸೆ ಕೆಂಪು ನುಸಿಯಂಥವುಗಳ ಮೇಲೆ. ಇಲ್ಲಿ ಕೆಲಸ ಮಾಡುವುದು ಬೇಟೆ ನುಸಿಗಳು. ಅಜಿಸ್ಟೆಮಸ್ ಅನ್ನುವ ಇನ್ನೊಂದು ಬಳಗವೂ ಇದೆ, ಇವು ಕೆಂಪು ಅಥವಾ ಹಳದಿ ಬಣ್ಣದವು, ನಿಧಾನವಾಗಿ ಓಡಾಡುತ್ತವೆ. ಬಣ್ಣ ನೋಡಿ ಇವನ್ನೇ ಪೀಡೆ ಅಂದುಕೊಳ್ಳುವುದುಂಟು. ಹಿರ್ಸುಟೆಲ್ಲಾ ಅನ್ನುವ ಶಿಲೀಂಧ್ರವೂ ಈ ನಾಲ್ಕು ಕಾಲಿನ ನುಸಿಗಳಿಗೆ ರೋಗ ತರುತ್ತದೆ. ನಿಂಬೆ ಜಾತಿಯ ತೋಟಗಳಲ್ಲಿ ಇದರ ಬಗ್ಗೆ ಒಂದು ಪಾಠ ಕಲಿತಿದ್ದಾರೆ: ಎಲೆರೋಗಕ್ಕೆ ಅಂತ ತಾಮ್ರದ ಔಷಧಿ ಹೊಡೆದಾಗ ಈ ಒಳ್ಳೆಯ ಶಿಲೀಂಧ್ರವೂ ಸತ್ತು, ನುಸಿ ಹೆಚ್ಚಾಯಿತು. ಬೊಬ್ಬೆ ರೋಗಕ್ಕೆ (ಎಳೆ ಎಲೆ ಮೇಲೆ ಗುಳ್ಳೆ ಏಳಿಸುವ ಶಿಲೀಂಧ್ರ ರೋಗ) ತಾಮ್ರ ಹೊಡೆಯುವ ಟೀ ಬೆಳೆಗಾರರು, ಹೊಡೆದ ಮೇಲಿನ ವಾರಗಳಲ್ಲಿ ನುಸಿ ಮೇಲೆ ಒಂದು ಕಣ್ಣಿಡುವುದು ಒಳ್ಳೆಯದು.

ಪ್ರಶ್ನೆ: ಕಳೆ ಪೂರ್ತಿ ತೆಗೆದರೆ ನುಸಿ ಕಡಿಮೆಯಾಗುತ್ತದೆ ಅಂತಾರೆ, ನಿಜವಾ?

ಉತ್ತರ: ಅರ್ಧ ನಿಜ. ಕೆಲವು ಕಳೆಗಳಲ್ಲಿ ನುಸಿ ಬೆಳೆಯುತ್ತದೆ, ಅವನ್ನು ಲೆನ್ಸಿನಲ್ಲಿ ನೋಡಿ ಕಿತ್ತು ಹಾಕಿ. ಆದರೆ ನೆಲ ಪೂರ್ತಿ ಬೋಳಾದರೆ ಧೂಳು ಏಳುತ್ತದೆ. ಧೂಳು ಕೂತ ಎಲೆ ನುಸಿಗೆ ಇಷ್ಟ, ಅದನ್ನು ಬೇಟೆಯಾಡುವವರಿಗೆ ಕಷ್ಟ. ಬೇಟೆ ನುಸಿಗಳಿಗೆ ಪರಾಗ ಬೇಕು ಅಂತ ಮೇಲೆ ಬರೆದೆನಲ್ಲ, ಜಾಲರೆಕ್ಕೆಯ ದೊಡ್ಡ ಹುಳುಗಳಿಗೂ ಹೂವು ಬೇಕು. ಹಾಗಾಗಿ ಸಾಲಿನ ಅಂಚಿನಲ್ಲಿ, ಚರಂಡಿ ಬದಿಯಲ್ಲಿ ಹೂ ಬಿಡುವ ಗಿಡ ಸ್ವಲ್ಪ ಇರಲಿ. ಕಳೆ ಕತ್ತರಿಸುವುದಾದರೆ ಒಂದು ಸಾಲು ಬಿಟ್ಟು ಒಂದು ಸಾಲು ಕತ್ತರಿಸಿ. ನೆರಳಿನ ಮರಗಳ ವಿಷಯದಲ್ಲಿ ಮಾತ್ರ ನನಗೆ ಎರಡು ಮಾತಿಲ್ಲ. ನೆರಳಿಲ್ಲದ ಗಿಡಗಳಿಗೇ ಕೆಂಪು ನುಸಿ ಜಾಸ್ತಿ ಬೀಳುವುದು, ಅದನ್ನು ಯಾವ ತೋಟದಲ್ಲಿ ಬೇಕಾದರೂ ಕಣ್ಣಾರೆ ನೋಡಬಹುದು.

ಪ್ರಶ್ನೆ: ಬೇವು, ಗಂಧಕ, ಶಿಲೀಂಧ್ರದ ಪುಡಿ, ಇವೆಲ್ಲ ಸಾವಯವ ಅಲ್ವಾ? ಇವನ್ನು ಎಷ್ಟು ಬೇಕಾದರೂ ಹೊಡೆಯಬಹುದಾ?

ಉತ್ತರ: ಬೇಡ. ಸಾವಯವ ಅಂದ ಮಾತ್ರಕ್ಕೆ ಮಿತ್ರ ಹುಳುಗಳಿಗೆ ಮಾಫಿ ಇಲ್ಲ. ಗಂಧಕ ಗುಲಾಬಿ, ನೇರಳೆ ನುಸಿಗೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಟೆ ನುಸಿಗಳನ್ನೂ ಕೊಲ್ಲುತ್ತದೆ. ಟೀ ಎಲೆಯನ್ನು ಯಾರೂ ತೊಳೆದು ಟೀಪುಡಿ ಮಾಡುವುದಿಲ್ಲ, ಕಿತ್ತದ್ದು ಹಾಗೇ ಕಾರ್ಖಾನೆಗೆ ಹೋಗುತ್ತದೆ, ಹಾಗಾಗಿ ಗಂಧಕದ ವಾಸನೆ ಲೋಟದವರೆಗೂ ಬರುವ ಅಪಾಯ ಬೇರೆ. ಬೇವು ಇವುಗಳಲ್ಲಿ ಸ್ವಲ್ಪ ಮೃದು. ಅದನ್ನೂ ವಾರ ವಾರ ಹೊಡೆಯುತ್ತಾ ಹೋದರೆ ಮಿತ್ರ ಹುಳುಗಳ ಮರಿಗಳಿಗೆ ತೊಂದರೆಯೇ. ಶಿಲೀಂಧ್ರದ ಪುಡಿಗೆ ತೇವ ಬೇಕು, ಸುಡುಬಿಸಿಲಿನಲ್ಲಿ ಹೊಡೆದು "ಕೆಲಸ ಮಾಡಲಿಲ್ಲ" ಅನ್ನುವವರೇ ಬಹಳ. ಕೀಟಗಳಿಗೆ ರೋಗ ತರುವ ಬ್ಯೂವೇರಿಯಾ ಥರದ ಶಿಲೀಂಧ್ರ ಗುಲಗಂಜಿ ಹುಳುಗಳಿಗೂ ತಗಲುತ್ತದೆ ಅನ್ನುವುದು ಗೊತ್ತಿರಲಿ.

ಪ್ರಶ್ನೆ: ಹಾಗಾದರೆ ಯಾವ ಹಂತದಲ್ಲಿ ಔಷಧಿ ಹೊಡೆಯಬೇಕು? ಕಾಯುತ್ತಾ ಕೂತರೆ ಬೆಳೆ ಹೋಗುವುದಿಲ್ಲವಾ?

ಉತ್ತರ: ಹೋಗಬಹುದು, ಅದಕ್ಕೇ ಸುಮ್ಮನೆ ಕಾಯಬೇಡಿ, ಎಣಿಸುತ್ತಾ ಕಾಯಿರಿ. ಪ್ರತಿ ವಾರ ಅದೇ ಜಾಗಗಳಿಂದ ಬಲಿತ ಎಲೆಗಳನ್ನು ಕಿತ್ತು, ಎರಡೂ ಬದಿ ನೋಡಿ, ನುಸಿ ಎಷ್ಟು, ಅದನ್ನು ತಿನ್ನುವವು ಎಷ್ಟು ಅಂತ ಎರಡು ಸಾಲಿನಲ್ಲಿ ಬರೆದುಕೊಳ್ಳಿ. ಹತ್ತು ನುಸಿಗೆ ಒಂದು ಬೇಟೆ ನುಸಿ ಇದ್ದರೆ ಅದು ಗೆಲ್ಲುವ ದಾರಿಯಲ್ಲಿದೆ ಅನ್ನುವುದು ಬೇರೆ ಬೆಳೆಗಳಲ್ಲಿ ಬಳಸುವ ಅಂದಾಜು, ಶುರುವಿಗೆ ಇದನ್ನೇ ಇಟ್ಟುಕೊಳ್ಳಬಹುದು. ಸಂಖ್ಯೆಗಿಂತ ಮುಖ್ಯ ಅದು ಯಾವ ಕಡೆ ಹೋಗುತ್ತಿದೆ ಅನ್ನುವುದು. ನುಸಿ ಏರುತ್ತಿದೆ, ತಿನ್ನುವವೂ ಏರುತ್ತಿವೆ ಅಂದರೆ ಇನ್ನೊಂದು ವಾರ ನೋಡಿ. ನುಸಿ ಏರುತ್ತಿದೆ, ತಿನ್ನುವವು ಕಾಣುತ್ತಲೇ ಇಲ್ಲ, ಮಳೆಯ ಸುದ್ದಿಯೂ ಇಲ್ಲ ಅಂದರೆ ತಡ ಮಾಡಬೇಡಿ, ಆ ಗಿಡಗಳಿಗೆ ಮತ್ತು ಸುತ್ತಲಿನ ಒಂದೆರಡು ಸಾಲಿಗೆ ಹೊಡೆಯಿರಿ. ಟೀಯಲ್ಲಿ ಬಳಸಲು ಅನುಮತಿ ಇರುವ ನುಸಿ ಔಷಧಿಗಳಲ್ಲಿ ಮಿತ್ರ ಹುಳುಗಳಿಗೆ ಕಡಿಮೆ ಪೆಟ್ಟು ಕೊಡುವುದನ್ನು ಆರಿಸಿ. ಹೆಕ್ಸಿಥಯಾಜಾಕ್ಸ್ ಅಂಥದ್ದು, ಆದರೆ ಅದು ಮೊಟ್ಟೆ ಮತ್ತು ಮರಿಗಳಿಗೆ ಮಾತ್ರ ಹಿಡಿಯುತ್ತದೆ, ದೊಡ್ಡ ನುಸಿ ಮಾರನೇ ದಿನವೂ ಓಡಾಡುತ್ತಿರುವುದು ಕಂಡು ಗಾಬರಿಯಾಗಿ ಇನ್ನೊಂದು ಔಷಧಿ ಹೊಡೆಯಬೇಡಿ. ಡಬ್ಬಿ ಮೇಲೆ ಬರೆದಷ್ಟು ದಿನ ಬಿಟ್ಟೇ ಎಲೆ ಕೀಳಿ, ಮುಂದಿನ ಸಲ ಬೇರೆ ಗುಂಪಿನ ಔಷಧಿ ತನ್ನಿ.